ಸುಮ್ಮನೆ ಬಂದವರ ಮಳೆಗಾಲ

ಹೋದ ವಾರ ಹುಕ್ಕೇರಿಯ ಒಂದು ಬ್ಯಾಂಕಿಗೆ ಹೋಗಿದ್ದೆ. ಎರಡನೆಯ ಗಾಡಿ ಕೊಳ್ಳಬೇಕಿತ್ತು, ಅದಕ್ಕೆ ಸಾಲ ಬೇಕಿತ್ತು. ಕೇಳುವ ಮಾತನ್ನು ಮನೆಯಲ್ಲಿ ಕನ್ನಡಿಯ ಮುಂದೆ ಮೂರು ಸಲ ಒಪ್ಪಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿದ್ದೆ. ಕೌಂಟರಿನಲ್ಲಿದ್ದ ಹುಡುಗಿ ತಲೆಯೆತ್ತಿ, "ಏನ್ ಕೆಲಸ ಇತ್ರಿ?" ಎಂದಳು. ಅವಳ ಮೇಜಿನ ಮೇಲೆ ಮುಚ್ಚಳ ತೆರೆದ ಸ್ಟಾಂಪ್ ಪ್ಯಾಡು. ಆ ಹಸಿ ಶಾಯಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಕನ್ನಡಿ ಮುಂದಿನ ಮಾತೆಲ್ಲ ಹಾರಿಹೋಗಿ ಬಾಯಿಂದ ಬಂದದ್ದು ಇಷ್ಟೇ:

"ಏನಿಲ್ರಿ, ಸುಮ್ನ ಬಂದಿದ್ನಿ."

ಹುಡುಗಿ ಕುರ್ಚಿ ತೋರಿಸಿದಳು. ನಾನು ಕೂತು ಒಬ್ಬನೇ ನಗತೊಡಗಿದೆ. ಆಕೆಗೆ ವಿಚಿತ್ರ ಅನ್ನಿಸಿರಬೇಕು. ಆಕೆಗೇನು ಗೊತ್ತು, ಇದೇ ಎರಡು ಮಾತನ್ನು ನಕಲು ಮಾಡಿ ಒಂದು ಇಡೀ ಪೇಟೆಯ ವ್ಯಾಪಾರವನ್ನು ಕಾಗದದ ಮೇಲೆ ಮಲಗಿಸಿದವನು ತನ್ನೆದುರು ಕೂತಿದ್ದಾನೆಂದು.

ನಾಲ್ಕೈದು ವರ್ಷದ ಹಿಂದಿನ ಮಳೆಗಾಲ ಅದು. ನಾನು ಮೂಡಲಗಿಯ ಒಂದು ಸಹಕಾರಿ ಸೊಸೈಟಿಯ ಶಾಖೆಯಲ್ಲಿ ತಾತ್ಕಾಲಿಕ ಗುಮಾಸ್ತ. ಆರು ತಿಂಗಳು ಸರಿಯಾಗಿ ಕೆಲಸ ಮಾಡಿದರೆ ಕಾಯಂ, ಇಲ್ಲದಿದ್ದರೆ ಮನೆ. ಹೆಸರು ಭೀಮಶಿ, ತೂಕ ನಲವತ್ತೆಂಟು ಕಿಲೋ. ನಮ್ಮ ಮನೆಯಲ್ಲಿ ಮೊದಲ ಚೇಷ್ಟೆ ಮಾಡಿದ್ದು ನಾನಲ್ಲ, ನನಗೆ ಹೆಸರಿಟ್ಟವರು. ಧುಪದಾಳದ ಸಾಲಿಯಲ್ಲಿ ಓದುವಾಗಲೇ ಮಾಸ್ತರರ ಸೀನು, ಬಸ್ ಕಂಡಕ್ಟರನ ಸೀಟಿ, ಅಜ್ಜಿಯ ಗೊರಕೆ ಎಲ್ಲವನ್ನೂ ಬಾಯಲ್ಲಿ ಹಾಗೇ ತೆಗೆದು ತೋರಿಸುತ್ತಿದ್ದೆ. ಊರ ಅಣೆಕಟ್ಟೆಯ ಮೇಲಿಂದ ನೀರು ಬೀಳುವ ಸದ್ದೊಂದು ಮಾತ್ರ ನನ್ನ ಗಂಟಲಿಗೆ ಒಗ್ಗಲಿಲ್ಲ. ದಿನಾ ಬೆಳಿಗ್ಗೆ ಅದೇ ಸದ್ದನ್ನು ಬೆನ್ನಿಗೆ ಬಿಟ್ಟು ಘಟಪ್ರಭಾದಲ್ಲಿ ಬಸ್ ಹಿಡಿದು ಮೂಡಲಗಿಗೆ ಬರುತ್ತಿದ್ದೆ. ಆ ವರ್ಷ ಮಳೆ ಹದವಾಗಿತ್ತು. ಬಸ್ಸಿನ ಎರಡೂ ಕಡೆ ಕಬ್ಬು ಕಿಟಕಿಗೆ ಸಮನಾಗಿ ನಿಂತು, ಗಾಳಿ ಬಂದಾಗ ಒದ್ದೆ ಎಲೆಗಳು ಒಳಗೆ ಕೂತವರ ಮುಖ ಒರೆಸುತ್ತಿದ್ದವು.

ಶಾಖೆಯಲ್ಲಿ ನಾವು ಮೂವರು. ಕ್ಯಾಶಿನಲ್ಲಿ ಬಸಪ್ಪ ಕಾಕಾ. ನೋಟು ಎಣಿಸುವಾಗ ಅವರ ತುಟಿ ನಡೆಯುತ್ತಿತ್ತು, ಮಾತನಾಡುವಾಗ ನಡೆಯುತ್ತಿರಲಿಲ್ಲ. ಮ್ಯಾನೇಜರ್ ಸುಮಿತ್ರಾ ಮೇಡಂ. ಗೋಕಾಕದಿಂದ ಸ್ಕೂಟರಿನಲ್ಲಿ ಬಂದು, ರೇನ್‌ಕೋಟ್ ಬಾಗಿಲಿಗೆ ನೇತುಹಾಕಿ, ಅದರಿಂದ ತೊಟ್ಟಿಕ್ಕುವ ನೀರಿಗೆ ಒಂದು ತಾಟು ಇಡುತ್ತಿದ್ದರು. ಮೂರನೆಯವನು ನಾನು, ಮೂವರ ದನಿಯನ್ನೂ ಮಾಡುವವನು.

ನನ್ನ ಕೆಲಸ ವ್ಯಾಪಾರದ ಸಾಲಕ್ಕೆ ಬಂದ ಅರ್ಜಿಗಳನ್ನು ಪಟ್ಟಿ ಮಾಡಿ ತಿಂಗಳ ಕೊನೆಗೆ ಗೋಕಾಕದ ಹೆಡ್ಡಾಫೀಸಿಗೆ ಕಳಿಸುವುದು. ಎಷ್ಟು ಜನ ಕೇಳಿದರು, ಯಾತಕ್ಕೆ ಕೇಳಿದರು, ಹೋದ ತಿಂಗಳಿಗಿಂತ ಹೆಚ್ಚೋ ಕಡಿಮೆಯೋ. ಕೊಟ್ಟ ಸಾಲದ ಲೆಕ್ಕ ಇರಲಿ, ಕೇಳಿದವರ ಲೆಕ್ಕ ಯಾರಿಗೆ ಬೇಕು ಎಂದು ನಾನು ಮೊದಲ ವಾರವೇ ಗೊಣಗಿದ್ದೆ.

"ಹುಚ್ಚಪ್ಪಾ," ಎಂದಿದ್ದರು ಮೇಡಂ, "ಕೊಟ್ಟಿದ್ದು ನಮ್ಮ ಮಾತು, ಕೇಳಿದ್ದು ಊರಿನ ಮಾತು. ಟೇಲರ್ ಇನ್ನೊಂದು ಮಷಿನ್ ಕೇಳಾಕ ಬಂದ ಅಂದ್ರ ಊರಾಗ ಅಂಗಿ ಹೊಲಸವ್ರು ಅದಾರಂತ. ಅಂಗಡಿ ಬಾಡಗಿ ಕಟ್ಟಾಕ ಸಾಲ ಕೇಳಿದ್ರ, ಗಿರಾಕಿ ಉದ್ರಿ ಒಯ್ದು ಮುಖ ತೋರಸವಲ್ರು ಅಂತ. ಎರಡೂ ಒಂದೊಂದು ಅರ್ಜಿನ, ಆದ್ರ ಹವಾ ಬ್ಯಾರೆ ಬ್ಯಾರೆ."

"ಮತ್ತ ಯಾರೂ ಕೇಳಲಿಲ್ಲಂದ್ರ ಏನ್ರಿ?"

"ಮುಂದಿನ ವರ್ಷದ ಮ್ಯಾಲ ಯಾರಿಗೂ ಭರೋಸಾ ಇಲ್ಲಂತ ತಿಳಕೋತಾರ ಹೆಡ್ಡಾಫೀಸಿನವ್ರು. ನಮ್ಮ ಪಾಲಿನ ರೊಕ್ಕ ಬ್ಯಾರೆ ಶಾಖೆಗೆ ಹೊಕ್ಕೈತಿ."

ಅಲ್ಲಿ ಇನ್ನೊಂದು ರಿವಾಜಿತ್ತು, ಯಾವ ಫಾರ್ಮಿನಲ್ಲೂ ಬರೆದಿರದ್ದು. ನಮ್ಮ ಕಡೆಯ ಮಂದಿ ಸಾಲ ಕೇಳಲು ಮೂರು ಸಲ ಬರುತ್ತಾರೆ. ಮೊದಲನೆಯ ಸಲ "ಸುಮ್ನ ಬಂದಿದ್ನಿ" ಎನ್ನುತ್ತಾರೆ. ಗೋಡೆಗಿಟ್ಟ ಮರದ ಬಾಕಿನ ಮೇಲೆ ಕೂತು, ಫ್ಯಾನು ನೋಡಿ, ಮಳೆಯ ಮಾತಾಡಿ, ನೀರು ಕುಡಿದು ಹೋಗುತ್ತಾರೆ. ಎರಡನೆಯ ಸಲ ಬೇರೆ ಯಾರದೋ ಪರವಾಗಿ ಬರುತ್ತಾರೆ: "ನಮ್ಮ ಅಳಿಯಗ ಒಂದೀಟ್ ಬೇಕಾಗಿತ್ತಂತ, ಬಡ್ಡಿ ಎಷ್ಟ್ರಿ?" ಮೂರನೆಯ ಸಲ ಅಳಿಯ ಮಾಯವಾಗಿ ತಾವೇ ಕೇಳುತ್ತಾರೆ. ಆ ಮೂರನೆಯ ಸಲದ ತನಕ ಅವರಿಗೆ ಸಾಲ ಬೇಕೆಂಬುದು ಯಾರಿಗೂ ಗೊತ್ತಿರಬಾರದು, ನಮಗೆ ಕೂಡ. ಬೇಡವೆನ್ನಿಸಿದರೆ ಮಾನ ಕಳೆದುಕೊಳ್ಳದೆ ಎದ್ದು ಹೋಗಲು ಬಾಗಿಲು ತೆರೆದಿರುತ್ತಿತ್ತು. ಮೇಡಂ ಒಂದು ಹಳೇ ನೋಟ್‌ಬುಕ್ಕಿನಲ್ಲಿ ಸುಮ್ಮನೆ ಬಂದವರಿಗೆ ಒಂದೊಂದು ಗೀಟು ಎಳೆಯುತ್ತಿದ್ದರು. ಹೆಸರಿಲ್ಲ, ಬರೀ ಗೀಟು. ಈ ತಿಂಗಳ ಗೀಟುಗಳೇ ಮುಂದಿನ ತಿಂಗಳ ಅರ್ಜಿಗಳು, ಅದರಾಚೆ ತಿಂಗಳ ಹೊಸ ಮಷಿನ್ನು, ಹೊಸ ಶೆಡ್ಡು. ಹೆಡ್ಡಾಫೀಸಿಗಿಂತ ಎರಡು ತಿಂಗಳು ಮೊದಲೇ ಮೂಡಲಗಿಯ ಹವಾ ಆ ನೋಟ್‌ಬುಕ್ಕಿಗೆ ತಿಳಿಯುತ್ತಿತ್ತು.

ಆ ಶ್ರಾವಣದಲ್ಲಿ ಗೀಟುಗಳು ಪುಟ ದಾಟಿದವು. ಹಾಗೆ ಗೀಟಾದವರಲ್ಲಿ ಒಬ್ಬಳು ಕೌಜಲಗಿಯ ಲಕ್ಕವ್ವ. ಐವತ್ತರ ಹೆಂಗಸು. ಮೂವರು ಹೆಂಗಸರನ್ನು ಇಟ್ಟುಕೊಂಡು ಖಡಕ್ ರೊಟ್ಟಿ ಬಡಿದು ಪೇಟೆಯ ಖಾನಾವಳಿಗಳಿಗೆ ಹಾಕುತ್ತಿದ್ದಳು. ಬಂದವಳು ಬಾಕಿನ ತುದಿಗೆ, ಯಾವಾಗ ಬೇಕಾದರೂ ಏಳಬಹುದಾದ ಹಾಗೆ ಕೂತಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಎರಡು ಸಲ ಕೆಮ್ಮಿ, "ಏನಿಲ್ರಿ ಬಾಯಾರ, ಸುಮ್ನ ಬಂದಿದ್ನಿ... ಈ ರೊಟ್ಟಿ ಮಷಿನ್ ಅಂತ ಬರ್ತಾವಂತ... ನಮಗ್ಯಾಕ ಬಿಡ್ರಿ ಅವು... ಭಾಳ ತುಟ್ಟಿ ಇರತಾವೇನ್ರಿ?" ಎಂದಳು. ಮೇಡಂ ನೀರು ಕೊಟ್ಟು ಗೀಟು ಎಳೆದರು. ನಾನು ಮಾತ್ರ ಆ ಎರಡು ಕೆಮ್ಮನ್ನು ಜೇಬಿಗೆ ಹಾಕಿಕೊಂಡೆ.

ಚೌತಿ ಬಂತು. ಪೇಟೆಯ ಗಣಪತಿ ಮಂಡಳಿಯವರು ಸಂಜೆಯ ಕಾರ್ಯಕ್ರಮಕ್ಕೆ ನನ್ನನ್ನು ಕರೆದರು. ಮೈಕು ಕೈಗೆ ಬಂದ ಮೇಲೆ ನನಗೆ ಬುದ್ಧಿ ಇರುವುದುಂಟೇ? "ಸೊಸೈಟಿಗೆ ಸುಮ್ನ ಬಂದವ್ರು" ಎಂದು ಹೊಸ ಐಟಂ ಮಾಡಿದೆ. ಹೆಸರು ಹೇಳಲಿಲ್ಲ, ಅಷ್ಟು ಶಾಣ್ಯಾತನ ಇತ್ತು. ಆದರೆ ಫ್ಯಾನು ನೋಡುತ್ತ ಮೂಗು ತಿಕ್ಕುವ ವೆಲ್ಡಿಂಗಿನವನು, ಅಳಿಯನೇ ಇಲ್ಲದೆ ಅಳಿಯನಿಗೆ ಸಾಲ ಕೇಳಿದ ಕಿರಾಣಿಯವನು, ಸೆರಗು ಸುತ್ತಿ ಎರಡು ಸಲ ಕೆಮ್ಮುವ ರೊಟ್ಟಿಯವಳು, ಇವರಿಗೆ ಹೆಸರು ಯಾಕೆ ಬೇಕು? ಜನ ಹೊಟ್ಟೆ ಹಿಡಿದು ನಕ್ಕರು. ಸೀಟಿ ಹೊಡೆದರು. ಪ್ರಸಾದದ ಊಟಕ್ಕೆ ರೊಟ್ಟಿ ಹಾಕಲು ಬಂದಿದ್ದ ಲಕ್ಕವ್ವ ಮಂಟಪದ ಬದಿಯಲ್ಲಿ ಬುಟ್ಟಿ ಹಿಡಿದು ನಿಂತಿದ್ದಳು. ಯಾರೋ ತಿರುಗಿ ಅವಳನ್ನು ನೋಡಿದರು, ಆಮೇಲೆ ಎಲ್ಲರೂ ನೋಡಿದರು. ಅವಳು ಖಾಲಿ ಬುಟ್ಟಿಯನ್ನು ತಲೆಗೇರಿಸಿ ಹೋದಳು. ನಾನು ಅದನ್ನು ಕಂಡೆ. ಕಂಡೂ ಮುಂದಿನ ದನಿ ತೆಗೆದೆ, ಯಾಕೆಂದರೆ ಚಪ್ಪಾಳೆ ಇನ್ನೂ ನಿಂತಿರಲಿಲ್ಲ.

ಮರುದಿನದಿಂದ ಬಾಕು ಖಾಲಿ. ಒಂದು ವಾರ, ಎರಡು ವಾರ. ನೋಟ್‌ಬುಕ್ಕಿನಲ್ಲಿ ಗೀಟಿಲ್ಲ, ನನ್ನ ಪಟ್ಟಿಯಲ್ಲಿ ಅರ್ಜಿಯಿಲ್ಲ. ಹೊರಗೆ ಮಾತ್ರ ಪೇಟೆ ಕುದಿಯುತ್ತಿತ್ತು. ಕಬ್ಬಿನ ಹಂಗಾಮಿಗೆ ಮೊದಲು ಟ್ರೇಲರ್ ರಿಪೇರಿಗೆ ತಂದವರ ಸಾಲು ವೆಲ್ಡಿಂಗ್ ಅಂಗಡಿಯಿಂದ ರಸ್ತೆಗೆ ಬಂದಿತ್ತು. ಬಟ್ಟೆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೇಡಂ ಕಿಟಕಿಯಲ್ಲಿ ನಿಂತು, "ಊರಾಗ ಇಷ್ಟು ಗದ್ಲ ಐತಿ, ನಮ್ಮ ಬಾಗಲದಾಗ ನೊಣ ಸೈತ ಬರವಲ್ದು. ಏನಾತೋ ಬಸಪ್ಪಾ?" ಎಂದರು. ಕಾಕಾ ತುಟಿ ಅಲ್ಲಾಡಿಸದೆ, "ಹವಾ ಕೆಟ್ಟೈತ್ರಿ" ಎಂದರು. ಕಾಕಾನ ಆ ದನಿಯನ್ನೂ ನಾನು ಅಲ್ಲೇ ತೆಗೆದು ತೋರಿಸಿದೆ. ಯಾರೂ ನಗಲಿಲ್ಲ.

ಹವಾ ಕೆಡಿಸಿದವರು ಯಾರೆಂದು ತಿಳಿದದ್ದು ಕ್ಷೌರದ ಅಂಗಡಿಯಲ್ಲಿ. ಅಂಗಡಿಯ ಹುಡುಗನಿಂದ ಕಿವಿಯ ತನಕ ಸಾಬೂನಿನ ನೊರೆ ಹಚ್ಚಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದೆ. ಬಾಜೂ ಕೂತವನೊಬ್ಬ ಕ್ಷೌರದವನನ್ನು ಕೇಳಿದ, "ಇನ್ನೊಂದು ಕುರ್ಚಿ ಹಾಕ್ತೇನಿ ಅಂತಿದ್ಯಲ್ಲೋ, ಸೊಸೈಟಿಗೆ ಹೋಗಿದ್ದಿಲ್ಲೇನು?"

"ಹೋಗೂದೇನೋ ಹೋಗ್ತಿದ್ನಿ," ಎಂದ ಕ್ಷೌರದವನು ಕತ್ತಿ ಮಸೆಯುತ್ತ. "ಅಲ್ಲೊಂದು ಕಡ್ಡಿ ಪೈಲ್ವಾನ್ ಐತಲ್ಲ. ನಾವು ಒಳಗ ಪಿಸುಗುಟ್ಟಿದ್ದನ್ನ ಹೊರಗ ಮೈಕಿನ್ಯಾಗ ಒದರತೈತಿ. ಕೌಜಲಗಿ ಲಕ್ಕವ್ವನ ಹಣೆಬರಾ ನೋಡಿದ್ಯಲ್ಲ. ಈಗ ಆಕಿ ಹಿಟ್ಟಿನಂಗಡಿಗೆ ಹೋದ್ರ, 'ಸಾಲಕ್ಕ ಅಡ್ಡಾಡಾಕತ್ತೀಯಂತ, ಮೊದಲ ಹಳೇ ಬಾಕಿ ಇಡವ್ವಾ' ಅಂತಾನಂತ ಜ್ವಾಳದಾಂವ. ಕಣಗಲಾದ ಹೈವೇ ಧಾಬಾದಾಂವ ದೀಪಾವಳಿಯಿಂದ ದಿನಾ ರೊಟ್ಟಿ ಒಯ್ತೇನಿ ಅಂದಿದ್ನಂತ. ಮಷಿನ್ ಇಲ್ಲದ ಅಷ್ಟು ರೊಟ್ಟಿ ಎಲ್ಲಿಂದ ಬಡೀತಾಳ? ಅದೂ ಹೋದಂಗ ಈಗ."

ಇಷ್ಟು ಹೇಳಿ ಅವನು ನನ್ನ ಕೆನ್ನೆಯ ನೊರೆಯನ್ನು ಒಂದು ಎಳೆತಕ್ಕೆ ತೆಗೆದ. ಕೆಳಗೆ ಕಡ್ಡಿ ಪೈಲ್ವಾನ್ ಸಿಕ್ಕ. ಕತ್ತಿ ಗಾಳಿಯಲ್ಲೇ ನಿಂತಿತು.

"ಇನ್ನೊಂದು ಗಲ್ಲ ಮಾಡ್ರಿ," ಎಂದೆ. ನನ್ನ ಸ್ವಂತ ದನಿ ಅಷ್ಟು ಸಣ್ಣದೆಂದು ಅಂದೇ ನನಗೆ ಗೊತ್ತಾದದ್ದು.

ಭಾನುವಾರ ಕೌಜಲಗಿಗೆ ಹೋದೆ. ಲಕ್ಕವ್ವನ ಮನೆ ಎಲ್ಲೆಂದು ಯಾರನ್ನೂ ಕೇಳಬೇಕಾಗಲಿಲ್ಲ. ರೊಟ್ಟಿ ಬಡಿಯುವ ಸದ್ದು ಓಣಿಯ ತುದಿಗೇ ಕೇಳುತ್ತಿತ್ತು. ತಗಡಿನ ಮಾಡಿನ ಕೆಳಗೆ ನಾಲ್ಕು ಒಲೆ, ನಾಲ್ಕು ಹೆಂಗಸರು. ಜೋಳದ ಹಿಟ್ಟು ಅವರ ರೆಪ್ಪೆಯ ಮೇಲೂ ಕೂತಿತ್ತು. ನನ್ನನ್ನು ಕಂಡದ್ದೇ ಮೂವರ ಕೈ ನಿಂತಿತು. ಲಕ್ಕವ್ವ ಮಾತ್ರ ಬಡಿಯುವುದನ್ನು ಬಿಡಲಿಲ್ಲ.

"ತಪ್ಪಾತ್ರಿ ಲಕ್ಕವ್ವಾರ," ಎಂದೆ.

ಅವಳು ರೊಟ್ಟಿಯನ್ನು ಹೆಂಚಿಗೆ ಹಾಕಿ, ನೀರು ಸವರಿ, ಎದ್ದಳು. ಕಟ್ಟಿಗೆಯ ಒಂದು ಸಿಬಿರನ್ನು ಪೆನ್ನಿನಂತೆ ಕಿವಿಗೆ ಸಿಕ್ಕಿಸಿಕೊಂಡಳು. ಎದೆ ಒಳಗೆಳೆದು, ಕುತ್ತಿಗೆ ಉದ್ದ ಮಾಡಿ, ಒಂದು ಹುಬ್ಬು ಮೇಲೇರಿಸಿ, ಮೂಗಿನಿಂದ ಹೇಳಿದಳು: "ಫಾರ್ಮ್ ತುಂಬ್ರಿ. ಆಧಾರ್ ತಂದೀರೇನ್ರಿ? ಝೆರಾಕ್ಸ್ ಇಲ್ಲೇನ್ರಿ? ಅಯ್ಯ ಶಿವನ, ಹೋಗಿ ಬರ್ರಿ!"

ಆ "ಅಯ್ಯ ಶಿವನ" ನನ್ನದೇ. ಆ ಮೂಗೂ ನನ್ನದೇ. ನಾನು ಹಾಗೆ ಹುಬ್ಬು ಏರಿಸುತ್ತೇನೆಂದು ಅಲ್ಲಿಯ ತನಕ ನನಗೆ ಗೊತ್ತಿರಲಿಲ್ಲ. ಹೆಂಗಸರು ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕು ನಕ್ಕು ಬಿಳಿಯಾದರು. ನನ್ನ ಕಿವಿ ಹೆಂಚಿನಷ್ಟು ಕಾಯಿತು. ಒಬ್ಬರ ದನಿ ಅವರನ್ನು ಬಿಟ್ಟು ಬೇರೆಯವರ ಬಾಯಿಗೆ ಹೋದರೆ ಒಳಗೆ ಎಷ್ಟು ಖಾಲಿಯಾಗುತ್ತದೆಂದು ಆಗ ತಿಳಿಯಿತು.

"ಹೆಂಗ ಬಂತು?" ಎಂದಳು ಲಕ್ಕವ್ವ ತನ್ನ ದನಿಗೆ ಮರಳಿ.

"ನನಗಿಂತ ಛಲೋ ಬಂತ್ರಿ."

"ಕುಂಡ್ರು." ಬಿಸಿ ರೊಟ್ಟಿಯೊಂದನ್ನು ಶೇಂಗಾಚಟ್ನಿ ಹಚ್ಚಿ ಕೈಗಿಟ್ಟಳು. ಹೆಂಚಿನ ಮೇಲಿದ್ದುದನ್ನು ಮಗುಚಿ, ನನ್ನ ಕಡೆ ನೋಡದೆ ಹೇಳಿದಳು: "ಅವತ್ತ ನೀ ನಂದು ಎಲ್ಲಾ ಖರೆ ತಗದಿ. ಸೆರಗು, ಕೆಮ್ಮು, ಎಲ್ಲಾ. ಒಂದ ಒಂದು ಬಿಟ್ಟಿ."

"ಏನ್ರಿ ಅದು?"

"ನಾ ಹೆದರಿದ್ನಿ. ಅದು ನಿನಗ ಕೇಳಸಲಿಲ್ಲ."

ಮುರಿದ ತುಣುಕನ್ನು ಬಾಯಿಗೊಯ್ಯದೆ ಕೈಯಲ್ಲೇ ಹಿಡಿದೆ.

"ಮೂರು ಮಂದಿ ಹೊಟ್ಟಿ ನನ್ನ ಕೈ ಮ್ಯಾಲ ಐತಿ," ಎಂದಳು. "ಈ ಕೈ ಇನ್ನೆಷ್ಟು ವರ್ಷ ಬಡದೀತು? ಮಷಿನ್ ತಂದ್ರ ಇವ್ರು ಮೂವರ ಜೋಡಿ ಇನ್ನೊಬ್ಬಾಕಿನ ತಗೋಬೇಕಂತ ಮಾಡಿದ್ನಿ. ತಂದ ಮ್ಯಾಲ ರೊಟ್ಟಿ ಹೋಗಲಿಲ್ಲಂದ್ರ? ಅದನ್ನ ಯಾರ ಮುಂದ ಹೇಳ್ಲಿ? ಅದಕ್ಕ ಸುಮ್ನ ಬಂದಿದ್ನಿ."

ನಾನು ಅಲ್ಲಿಂದ ಬರುವಾಗ ಸಾಲದ ಮಾತು ಎತ್ತಲಿಲ್ಲ. ಎತ್ತುವ ಹಕ್ಕು ನನಗಿರಲಿಲ್ಲ.

ತಿಂಗಳ ಪಟ್ಟಿ ಕಳಿಸುವ ದಿನ ಬಂತು. ಅದರ ಕೊನೆಗೊಂದು ಸಾಲು ಇರುತ್ತಿತ್ತು: ಬೇಡಿಕೆ ಇಳಿದಿದ್ದರೆ ಕಾರಣ. ಮೇಡಂ "ಮಾರುಕಟ್ಟೆ ಮಂದ" ಎಂದು ಬರೆಯಲು ಹೇಳಿ ಚಹಾಕ್ಕೆ ಎದ್ದರು. ಹಾಗೆ ಬರೆದರೆ ನಮ್ಮ ಪಾಲಿನ ಹಣ ಬೇರೆಡೆಗೆ ಹೋಗುತ್ತಿತ್ತು. ಲಕ್ಕವ್ವನ ಮಷಿನ್ನು, ಕ್ಷೌರದವನ ಕುರ್ಚಿ, ವೆಲ್ಡಿಂಗಿನವನ ತಗಡು ಎಲ್ಲಕ್ಕೂ ಬಾಗಿಲು ಮುಚ್ಚುತ್ತಿತ್ತು. ನಾನು ಪೆನ್ನು ಹಿಡಿದು ಬಹಳ ಹೊತ್ತು ಕೂತು, ಬರೆದೆ: "ಮಾರುಕಟ್ಟೆ ಜೋರಾಗಿದೆ. ಸಾಲ ಕೇಳಲು ಬಂದವರನ್ನು ಗುಮಾಸ್ತ ಭೀಮಶಿ ಸಾರ್ವಜನಿಕವಾಗಿ ನಕಲು ಮಾಡಿದ್ದರಿಂದ ಜನ ಬರುತ್ತಿಲ್ಲ." ಕೆಳಗೆ ಸಹಿ, ಅದೂ ನನ್ನದೇ.

ಚಹಾ ಮುಗಿಸಿ ಬಂದ ಮೇಡಂ ಅದನ್ನು ಓದಿದರು. "ಇದನ್ನ ಕಳಿಸಿದ್ರ ನಿನ್ನ ಕಾಯಂ ಹೊಕ್ಕೈತಿ, ಗೊತ್ತೈತಿಲ್ಲ?"

"ಕಳಸಲಿಲ್ಲಂದ್ರ ಊರ ಪಾಲಿನ ರೊಕ್ಕ ಹೊಕ್ಕೈತಲ್ರಿ."

ಅವರು ಹರಿದು ಹಾಕುತ್ತಾರೆಂದು ಒಳಗೊಳಗೇ ಆಸೆಯಿತ್ತು, ಸುಳ್ಳು ಯಾಕೆ ಹೇಳಲಿ. ಅವರು ಶಾಯಿ ಒಣಗಲು ಊದಿ, ಲಕೋಟೆಗೆ ಹಾಕಿದರು.

ಮೂರನೇ ದಿನ ಹೆಡ್ಡಾಫೀಸಿನ ಸಾಹೇಬರು ಜೀಪಿನಲ್ಲಿ ಬಂದರು. ವೆಲ್ಡಿಂಗ್ ಅಂಗಡಿಯ ಮುಂದಿನ ಟ್ರೇಲರ್ ಸಾಲನ್ನು ನೋಡಿಕೊಂಡೇ ಒಳಗೆ ಬಂದರು. ಇಪ್ಪತ್ತು ವರ್ಷ ಬೇಡಿಕೆಯ ಪಟ್ಟಿ ನೋಡಿದವರು. ಮಳೆ ಹೋಗಿ ಇಳಿದದ್ದು, ಸಕ್ಕರೆ ಕಾರ್ಖಾನೆಯ ಕಬ್ಬಿನ ಬಿಲ್ಲು ತಡವಾಗಿ ಇಳಿದದ್ದು, ರೋಗ ಬಂದು ಇಳಿದದ್ದು ಎಲ್ಲ ಕಂಡಿದ್ದರಂತೆ. "ಒಬ್ಬ ಮನಷ್ಯಾನ ಬಾಯಿಂದ ಇಳದದ್ದು ಇದ ಮೊದಲ," ಎಂದು ಕನ್ನಡಕ ಒರೆಸಿದರು. ನನ್ನ ಗಂಟಲು ಆ ದನಿಗಾಗಿ ತುರಿಸಿತು, ನಾಲಿಗೆ ಕಚ್ಚಿಕೊಂಡೆ. ಶಾಖೆಯ ಹಣ ಮೂಡಲಗಿಯಲ್ಲೇ ಇರಲಿ ಎಂದರು. ಬಂದವರ ಗುಟ್ಟು ಕಾಯದವನನ್ನು ಕಾಯಂ ಮಾಡಲಾಗದು, ಈ ತಿಂಗಳ ಕೊನೆಯ ದಿನ ಬಿಡುಗಡೆ ಎಂದೂ ಅಂದರು. ಅದು ಅನ್ಯಾಯವೆಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸಿಲ್ಲ. ಅತ್ತದ್ದು ಬೇರೆ ಮಾತು. ಬಸ್ಸಿನಲ್ಲಿ, ಕಬ್ಬಿನ ಕಡೆ ಮುಖ ಮಾಡಿ.

ಉಳಿದಷ್ಟು ದಿನ ಮೇಡಂ ನನ್ನನ್ನು ಹಿಂದಿನ ಕೋಣೆಯಲ್ಲಿ ಹಳೆಯ ಕಡತಗಳ ನಡುವೆ ಕೂರಿಸಿದರು. ಸುದ್ದಿ ಪೇಟೆಗೆ ಮುಟ್ಟಿ ಮೊದಲು ಬಂದವನು ಕ್ಷೌರದವನು. ಆಮೇಲೆ ಒಬ್ಬೊಬ್ಬರೇ, ಬಾಗಿಲಲ್ಲಿ ಇಣುಕಿ ನನ್ನ ಕುರ್ಚಿ ಖಾಲಿ ಇರುವುದನ್ನು ಖಾತ್ರಿ ಮಾಡಿಕೊಂಡು ಬಂದರು. ಹಲಗೆಯ ಗೋಡೆಯಾಚೆ ಅವರ ಮಾತು ಕೇಳುತ್ತಿತ್ತು. ಅದೇ ಫ್ಯಾನು, ಅದೇ ಮಳೆ, ಅದೇ ಅಳಿಯಂದಿರು. ಆದರೆ ಈಗ ಪ್ರತಿಯೊಬ್ಬರ ಮಾತಿನ ನಡುವಿನ ಬಿಡುವು ಕೇಳುತ್ತಿತ್ತು. ಮೊದಲು ನಾನು ಅದನ್ನು ಬರೀ ನಗಿಸುವುದಕ್ಕೆ ಬಳಸುತ್ತಿದ್ದೆ.

ತಿಂಗಳ ಕೊನೆಯ ದಿನ ಮಧ್ಯಾಹ್ನ ಲಕ್ಕವ್ವ ಬಂದಳು. ಅಳಿಯನ ಪರವಾಗಿ ಬರುವ ಎರಡನೆಯ ಸಲವನ್ನು ಹಾರಿಸಿ, ನೇರವಾಗಿ ತನ್ನದೇ ಕಾಗದ ಹಿಡಿದು. ದೀಪಾವಳಿಗೆ ಮುಂಚಿನ ಕೊನೆಯ ಮಂಜೂರಾತಿ ಸಭೆಗೆ ಕಾಗದ ಹೋಗಬೇಕಾದದ್ದು ಅಂದೇ. ಅವಳನ್ನು ಬಲ್ಲ ಇಬ್ಬರು ಸಾಕ್ಷಿ ಹಾಕಬೇಕಿತ್ತು. ಅವಳ ಜೊತೆ ರೊಟ್ಟಿ ಬಡಿಯುವ ಹೆಂಗಸೊಬ್ಬಳು ಸಹಿ ಮಾಡಿದಳು. ಎರಡನೆಯವನು, ಓಣಿಯ ಹಿರಿಯ, ಬರಲೇ ಇಲ್ಲ.

"ಬರೂದಿಲ್ಲಂತ್ರಿ," ಎಂದಳು ಲಕ್ಕವ್ವ. "'ಇವತ್ತ ಸೈನ್ ಮಾಡಿದ್ರ, ನಾಳಿ ನನ್ನ ಸುದ್ದಿನೂ ಮೈಕಿನ್ಯಾಗ ಬಂದೀತು' ಅಂದ."

ಹಿಂದಿನ ಕೋಣೆಯಲ್ಲಿ ನಾನು ಕಡತವೊಂದರಲ್ಲಿ ಮುಖ ಹುದುಗಿಸಿದೆ. ಹೊರಗೆ ಲಕ್ಕವ್ವ ದನಿಯೇರಿಸಿದಳು: "ಒಳಗ ಕುಂತಾನಲ್ಲ, ಅಂವ ಮಾಡ್ಲಿ. ನನ್ನ ಅವನಷ್ಟು ಬಲ್ಲವ್ರು ಯಾರದಾರ? ನಾ ಎಷ್ಟು ಸಲ ಕೆಮ್ಮತೇನಿ ಅನ್ನೂದು ಸೈತ ಬಾಯಿಪಾಠ ಐತಿ."

ನಾನು ಬಾಗಿಲಿಗೆ ಬಂದು ನಿಂತೆ. ಬಸಪ್ಪ ಕಾಕಾನ ತುಟಿ ಆ ದಿನ ಮೊದಲ ಸಲ ನಗಲು ನಡೆಯಿತು. ಮೇಡಂ ಮಾತ್ರ ತಲೆಯಲ್ಲಾಡಿಸಿದರು. "ನೌಕರರು ಸಾಕ್ಷಿ ಹಾಕಂಗಿಲ್ಲವ್ವಾ. ರೂಲ್ ಐತಿ." ಎಂದವರು ಗೋಡೆಯ ಗಡಿಯಾರ ನೋಡಿದರು. "ಆದ್ರ ಇಂವ ನೌಕರ ಇರೂದು ಐದರ ತನಕ."

ನಾಲ್ಕೂ ಕಾಲು ಆಗಿತ್ತು. ಎಲ್ಲರೂ ಕೂತೆವು. ಹೊರಗೆ ಜಿಟಿಜಿಟಿ ಮಳೆ. ಚಹಾ ಬಂತು. ಲಕ್ಕವ್ವ ಬುಟ್ಟಿಯಿಂದ ರೊಟ್ಟಿ ತೆಗೆದು ಮುರಿದು ಮುರಿದು ಎಲ್ಲರಿಗೂ ಕೊಟ್ಟಳು. ಒಬ್ಬನ ಕೆಲಸ ಹೋಗುವುದನ್ನು ಇಷ್ಟು ಮಂದಿ ಇಷ್ಟು ಆಸ್ಥೆಯಿಂದ ಕಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಐದಕ್ಕೆ ಮೇಡಂ ನನ್ನ ಬಿಡುಗಡೆಯ ಪತ್ರಕ್ಕೆ ಸಹಿ ಹಾಕಿ, ಸ್ಟಾಂಪು ಒತ್ತಿ, ನನ್ನ ಕೈಗಿಟ್ಟರು. ಅವರ ಕಣ್ಣು ಸ್ಟಾಂಪ್ ಪ್ಯಾಡಿನ ಮೇಲೇ ಇತ್ತು. ಆಮೇಲೆ ಲಕ್ಕವ್ವನ ಫಾರ್ಮನ್ನು ನನ್ನ ಮುಂದೆ ತಳ್ಳಿದರು.

ಹೆಸರು ಬರೆದೆ, ಊರು ಬರೆದೆ. ಮುಂದಿನ ಸಾಲು: ಸಾಕ್ಷಿದಾರರ ಉದ್ಯೋಗ. ಪೆನ್ನು ಅಲ್ಲೇ ನಿಂತಿತು. ಹತ್ತು ನಿಮಿಷದ ಹಿಂದೆ ಬರೆಯಲು ಏನೋ ಇತ್ತು.

"ಯಾಕ, ಏನಂತ ಬರಿಯೂದು ಐತಿ ಅಲ್ಲೆ?" ಎಂದು ಲಕ್ಕವ್ವ ಬಗ್ಗಿದಳು. ಮೇಡಂ ಓದಿ ಹೇಳಿದರು. ಲಕ್ಕವ್ವ ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿದಳು, ಹಾಳಾಗದ ಜೋಳ ಆರಿಸುವವಳ ಹಾಗೆ.

"ರೊಟ್ಟಿ ವ್ಯಾಪಾರ ಅಂತ ಬರಿ. ಕೌಜಲಗಿಯಿಂದ ಕಣಗಲಾಕ್ಕ ದಿನಾ ರೊಟ್ಟಿ ಒಯ್ಯಾಕ ಒಬ್ಬಾಂವ ಬೇಕು. ಧಾಬಾದವ್ರ ಮುಂದ ದರಭಾವ ಮಾಡಾಕ ಬಾಯಿ ಬೇಕು. ನಿನಗ ಅದೊಂದರ ಐತಿ."

"ಪಗಾರ್ರಿ?"

"ಮೊದಲ ಸೈನ್ ಮಾಡೋ ಭೀಮಶ್ಯಾ!"

ಮಾಡಿದೆ. ಮೇಡಂ ಫಾರ್ಮನ್ನು ತಮ್ಮ ಕಡೆ ಎಳೆದುಕೊಂಡು ಕೊನೆಯ ಸಲ ಮೇಲಿಂದ ಕೆಳಗೆ ಬೆರಳಾಡಿಸಿದರು. ಈ ಸಾಲದಿಂದ ಎಷ್ಟು ಜನರಿಗೆ ಕೆಲಸ ಎಂಬಲ್ಲಿ ಲಕ್ಕವ್ವ ನಾಲ್ಕು ಎಂದು ಬರೆಸಿದ್ದಳು. ಮೇಡಂ ಅದನ್ನು ಒಂದು ಗೀಟಿನಿಂದ ಹೊಡೆದು, ಪಕ್ಕದಲ್ಲಿ ಐದು ಎಂದು ಬರೆದು, ತಿದ್ದಿದ್ದಕ್ಕೆ ಚಿಕ್ಕ ಸಹಿ ಹಾಕಿದರು.